ಹಾರ್ನಿಗೆ ಹಾಕಿದ ದೀಪ

ರೀ,

ಅಂಧೇರಿಗೆ ಡ್ಯೂಟಿಗೆ ಹೊರಟೆ. ನಿಮ್ಮನ್ನು ಎಬ್ಬಿಸಲಿಲ್ಲ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ.

ಬೈಕಿನ ಹ್ಯಾಂಡಲ್ ಹತ್ತಿರ ಒಂದು ಪುಟ್ಟ ಕೆಂಪು ದೀಪ ಕೂರಿಸಿದ್ದೇನೆ. ಹಾರ್ನಿನ ಎರಡು ವೈರುಗಳಿಂದಲೇ ಅದಕ್ಕೂ ಕರೆಂಟು ಕೊಟ್ಟಿದ್ದೇನೆ. ಹಾರ್ನ್ ಒತ್ತಿದಾಗ ದೀಪ ಹೊತ್ತಿದರೆ ಹಾರ್ನಿಗೆ ಕರೆಂಟು ಸಿಗುತ್ತಿದೆ ಎಂದು ನಿಮಗೆ ಗೊತ್ತಾಗುತ್ತದೆ. ಫ್ಯಾಕ್ಟರಿಯಲ್ಲಿ ದಿನವಿಡೀ ರೇಡಿಯೋ ವೈರು ಬೆಸೆಯುವ ಕೈ ಇದು, ಬಿಚ್ಚಿ ನೋಡಬೇಡಿ. ಕಾಲೊನಿಯೊಳಗೆ ಮಾತ್ರ ಓಡಿಸಿ. ಹೈವೇಗೆ ಖಂಡಿತ ಬೇಡ.

ನಿನ್ನೆ ಡಾಕ್ಟರು ಏನು ಹೇಳಿದರೆಂದು ಚೀಟಿಯಲ್ಲಿ ಕೇಳಿದಿರಿ. ‘ಮುಂದಿನ ತಿಂಗಳು ಬರಬೇಕಂತೆ’ ಎಂದು ಬರೆದು ತೋರಿಸಿದೆ. ಅದು ಸುಳ್ಳು. ನಿಮ್ಮ ಮಿಲ್ಲಿನ ಬಾಯ್ಲರ್ ಸಿಡಿದ ದಿನವೇ ನಿಮ್ಮ ಎರಡೂ ಕಿವಿ ಹೋಗಿವೆಯಂತೆ. “ಅಬ್ ವಾಪಸ್ ನಹೀ ಆಯೇಗಾ, ಬೆಹೆನ್‌ಜೀ,” ಎಂದರು, ಇನ್ನು ಮರಳಿ ಬರುವುದಿಲ್ಲವಂತೆ. ನನಗೆ ಅಳುವೂ ಬರಲಿಲ್ಲ. ಬರುವಾಗ ಬಲ್ಬಿನ ಅಂಗಡಿ ಕಂಡಿತು, ಒಳಗೆ ಹೋದೆ.

ಆಸ್ಪತ್ರೆಯಿಂದ ಬಂದಾಗಿನಿಂದ ನೀವೂ ಮಾತು ಬಿಟ್ಟು ಎಲ್ಲವನ್ನೂ ಬರೆದೇ ತೋರಿಸುತ್ತೀರಿ. ಸುಳ್ಳು ಹೇಳಿದ್ದಕ್ಕೆ ಸಂಜೆ ನನ್ನನ್ನು ಬೈಯಬೇಕೆನಿಸಿದರೆ ಬರೆಯಬೇಡಿ, ಬಾಯಿಬಿಟ್ಟು ಬೈಯಿರಿ. ನನಗೆ ಕೇಳಿಸುತ್ತದೆ.

ವತ್ಸಲಾ