ಹೆರಿಗೆ ವಾರ್ಡಿನ ಕಿಟಕಿಯ ಜೇನು

ಅಪ್ಪ,

ನೀನು ತೀರಿಕೊಂಡು ಎರಡು ವರ್ಷವಾಯಿತು, ಇದನ್ನು ನೀನು ಓದುವುದಿಲ್ಲ. ಆದರೂ ಹೇಳಿಯೇ ಹೇಳುತ್ತೇನೆ. ಇವತ್ತು ಬೆಳಿಗ್ಗೆ ಆಸ್ಪತ್ರೆಯ ಹೆರಿಗೆ ವಾರ್ಡಿನ ಕಿಟಕಿಗೆ ಜೇನಿನ ಹಿಂಡೊಂದು ಬಂದು ಕೂತಿತ್ತು. ಸುದ್ದಿ ಕೇಳಿ ನಾನು ಜೇನುಪೆಟ್ಟಿಗೆ ಹೊತ್ತು ಹೋಗುವಷ್ಟರಲ್ಲಿ ಕಾವಲುಗಾರ ವಿಷದ ಪಂಪು ಹಿಡಿದು ನಿಂತಿದ್ದ.

“ಹೆಂಗಸ್ರ ಕೆಲ್ಸ ಅಲ್ಲಮ್ಮ ಇದು, ಪಕ್ಕಕ್ಕೆ ಸರೀರಿ,” ಎಂದ. ಥೇಟ್ ನಿನ್ನದೇ ಮಾತು.

“ಹೊಡಿಯೋದಾದ್ರೆ ಮೊದ್ಲು ನನ್ ಮೇಲೆ ಹೊಡೀರಿ,” ಎಂದು ಏಣಿ ಹತ್ತಿದೆ.

ಬರಿಗೈಯನ್ನೇ ಹಿಂಡಿನೊಳಗೆ ತೂರಿಸಿ, ರಾಣಿಯನ್ನು ಹುಡುಕಿ ಪೆಟ್ಟಿಗೆಗೆ ಬಿಟ್ಟೆ. ಉಳಿದವು ತಾವಾಗಿಯೇ ಅವಳ ಹಿಂದೆ ಇಳಿದವು. ಮೂರು ಕಡೆ ಕುಟುಕಿಸಿಕೊಂಡರೂ ಕೈ ಹಿಂದೆ ತೆಗೆಯಲಿಲ್ಲ. ಒಳಗೆ ಕೂಸುಗಳು ನಿದ್ದೆ ಮಾಡುತ್ತಲೇ ಇದ್ದವು.

“ಯಾರಮ್ಮ ನಿಂಗೆ ಇದನ್ನ ಕಲಿಸಿದ್ದು?” ಎಂದು ನರ್ಸಮ್ಮ ಕೇಳಿದರು.

“ಯಾರೂ ಕಲಿಸ್ಲಿಲ್ಲ,” ಎಂದೆ.

ಮನೆಯ ಜೇನುಪೆಟ್ಟಿಗೆ ಬಿಚ್ಚುವಾಗಲೆಲ್ಲ ನೀನು ಅಣ್ಣನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನನ್ನನ್ನು ಒಳಗೆ ಅಟ್ಟುತ್ತಿದ್ದೆ. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಹನ್ನೆರಡು ವರ್ಷ ದೂರದಿಂದ ನಿನ್ನ ಕೈಯನ್ನೇ ನೋಡಿದೆ. ಅದನ್ನು ನರ್ಸಮ್ಮನಿಗೆ ಹೇಳಲಿಲ್ಲ. ನೀನು ಒಂದೇ ಒಂದು ಸಲ ನನ್ನನ್ನೂ ಹೊರಗೆ ಕರೆದಿದ್ದರೆ, ನಿನ್ನ ಹೆಸರು ಹೇಳುತ್ತಿದ್ದೆ.