ಎಂಟು ಮಂದಿಯ ಟೀಮು

ಹುಬ್ಬಳ್ಳಿ
12-11-2024, ಮಂಗಳವಾರ

ಸೃಷ್ಟಿಯ ಅಪ್ಪನವರಿಗೆ,

ದ್ರಾಕ್ಷಾಯಿಣಿಯ ನಮಸ್ಕಾರಗಳು. ನಾವಿಬ್ಬರೂ ಇಲ್ಲಿ ಕ್ಷೇಮ. ನೀವು ಧಾರವಾಡದಲ್ಲಿ ಅಕ್ಕನ ಮನೆಯಲ್ಲಿ ಕ್ಷೇಮವಾಗಿಯೇ ಇರುತ್ತೀರಿ, ಅದನ್ನು ಬೇರೆ ಕೇಳುವುದೇನಿದೆ. ನನ್ನ ಹೊಲಿಗೆ ಒಣಗಿದೆ. ಕೊಡ ಎತ್ತಬಾರದು ಅಂದಿದ್ದಾರೆ, ಸೃಷ್ಟಿ ಎತ್ತುತ್ತಾಳೆ.

ಫೋನ್ ಇರುವಾಗ ಕಾಗದ ಯಾಕೆ ಅಂತ ನಿಮಗೆ ಅನಿಸಬಹುದು. ಫೋನಿನಲ್ಲಾದರೆ ನೀವು ನಡುವೆ ಬಾಯಿ ಹಾಕುತ್ತೀರಿ, ಇಲ್ಲವೆ ಅಳುತ್ತೀರಿ. ನಿಮ್ಮ ಅಳು ಕೇಳಿದರೆ ನಾನು ಹೇಳಬೇಕಾದ ಮಾತು ಅರ್ಧಕ್ಕೇ ನಿಲ್ಲುತ್ತದೆ. ಈ ಸಲ ಪೂರ್ತಿ ಹೇಳಬೇಕಾಗಿದೆ.

ಆಪರೇಶನ್ನಿನ ದಿನ ನಾನು ಆರಿಸಿದ್ದಲ್ಲ. ದೇಶಪಾಂಡೆ ನಗರದ ಆ ನರ್ಸಿಂಗ್ ಹೋಮಿಗೆ ಸರ್ಜನ್ನರು ರವಿವಾರ ಮಾತ್ರ ಬರುತ್ತಾರೆ. ಗರ್ಭಕೋಶ ತೆಗೆಯಬೇಕು ಅಂದಾಗ ನೀವು ನನಗಿಂತ ಹೆಚ್ಚು ಬೆವತಿರಿ. ಆದರೆ ಆ ದಿನ ಬೆಳಿಗ್ಗೆ ಬೂಟಿನ ಲಾಡಿ ಕಟ್ಟುತ್ತಾ ಏನಂದಿರಿ, ನೆನಪಿದೆಯೇ? "ನಾ ಹೋಗ್ಲಿಲ್ಲಂದ್ರ ಟೀಂ ಕಮ್ಮಿ ಬೀಳತೈತಿ ನೋಡು. ಮ್ಯಾಚ್ ಮುಗಿದ ಕೂಡ್ಲೆ ಓಡಿ ಬರ್ತೇನಿ." ನಾನು ಹೂಂ ಅಂದೆ. ಮೂವತ್ತು ದಾಟಿದವರ ಆ ಟೀಮಿನ ಕಷ್ಟ ನನಗೆ ಗೊತ್ತಿಲ್ಲವೇ? ಒಬ್ಬರ ಮಂಡಿ ಹೋಯಿತು, ಒಬ್ಬರಿಗೆ ಬದಲಿಯಾಯಿತು, ಹನ್ನೊಂದು ಇದ್ದದ್ದು ಒಂಬತ್ತಾಯಿತು. ವರ್ಷಗಟ್ಟಲೆ ನಮ್ಮ ರವಿವಾರಗಳೆಲ್ಲ ಆ ಬಯಲಿಗೇ ಹೋದವು, ನಿಮ್ಮ ಸಾಕ್ಸಿನ ಕೆಮ್ಮಣ್ಣು ತಿಕ್ಕಿ ತಿಕ್ಕಿ ನನ್ನ ಉಗುರು ಸವೆದವು. ಮನೆಗೆ ಮಾರಿ, ಊರಿಗೆ ಉಪಕಾರಿ ಅಂದುಕೊಂಡು ಸುಮ್ಮನಿದ್ದೆ. ಊರಿಗಾದರೂ ಉಪಕಾರಿ ಇದ್ದಾರಲ್ಲ ಅಂತ.

ಅಲ್ಲಿ ನರ್ಸಮ್ಮ ಮನೆಯವರು ಎಲ್ಲಿ ಅಂತ ಕೇಳಿದಳು. ಫುಟ್ಬಾಲ್ ಆಡಲು ಹೋಗಿದ್ದಾರೆ ಅಂದೆ. "ಮಗನ್ನ ಕೇಳಲಿಲ್ರಿ ಬಾಯಾರ, ಯಜಮಾನ್ರನ್ನ ಕೇಳಾಕತ್ತೇನಿ" ಅಂದಳು. ಪಕ್ಕದ ಮನೆಯ ಶರೀಫಾಬಿ ಮುಂದೆ ಬಂದು ನಾನು ಅಕ್ಕ ಅಂತ ಹೇಳಿ ಸಹಿ ಹಾಕಿದಳು. ನಮ್ಮಿಬ್ಬರ ಹೆಸರು ನೋಡಿಯೂ ಯಾರೂ ಏನೂ ಅನ್ನಲಿಲ್ಲ.

ಮೂಗಿನ ಮೇಲೆ ಅದೇನೋ ಇಟ್ಟು ಜೋರಾಗಿ ಉಸಿರು ತಗೊಳ್ಳಿ ಅಂದರು. ಆಗ ನಾನು ಏನು ಬೇಡಿಕೊಂಡೆ ಗೊತ್ತೇ? ಸಿದ್ಧಾರೂಢಪ್ಪಾ, ಇವತ್ತಾದರೂ ಇವರ ಕಾಲಿಂದ ಒಂದು ಗೋಲು ಆಗಲಿ ಅಂತ. ನನ್ನ ಬಗ್ಗೆ ಬೇಡಿಕೊಳ್ಳಲು ನೆನಪೇ ಆಗಲಿಲ್ಲ. ಈಗ ಇದನ್ನು ಬರೆಯುವಾಗ ನನಗೇ ನನ್ನ ಮೇಲೆ ಸಿಟ್ಟು ಬರುತ್ತಿದೆ.

ಸಂಜೆ ನೀವು ಬಂದಿರಿ, ಸೋತೆವು ಅಂದಿರಿ. ಮುಖ ನೋಡಿ ನಾನೇ ಸಮಾಧಾನ ಹೇಳಿದೆ.

ಮನೆಗೆ ಬಂದ ವಾರದೊಳಗೆ ಹುಲಗಪ್ಪಣ್ಣ ನನ್ನನ್ನು ನೋಡಲು ಬಂದರು. ನೀವು ದುರ್ಗದಬೈಲ್‌ನ ಅಂಗಡಿಯಲ್ಲಿದ್ದಿರಿ. ಅಮರಗೋಳ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ತೂಗಿ ಬಂದ ಮನುಷ್ಯ, ಕೂಡ್ರಿ ಅನ್ನುವವರೆಗೂ ಬಾಗಿಲಲ್ಲೇ ನಿಂತು ಸೀನುತ್ತಿದ್ದರು. ನಿಮ್ಮ ಕ್ಯಾಪ್ಟನ್ ಇಷ್ಟು ನಾಚಿಕೆಯವರು ಅಂತ ನನಗೆ ಗೊತ್ತಿರಲಿಲ್ಲ. ದಾಳಿಂಬೆಯ ಚೀಲ ಕೆಳಗಿಟ್ಟು ಅಂದರು: "ವೈನಿಯವ್ರ, ಆ ರವಿವಾರ ಕಲ್ಲೇಶ ನಿಮ್ಮ ಬಾಜೂಕ ಕುಂತದ್ದ ಛಲೋ ಆತ್ರಿ. ಮ್ಯಾಚ್ ಬರ್ತಾವು, ಹೋಗ್ತಾವು. ನಾವು ಎಂಟು ಮಂದೀನ ಆಡಿದ್ವಿ."

ನನಗೆ ಮೊದಲು ತಿಳಿಯಲೇ ಇಲ್ಲ. ಬೇರೆ ಯಾರನ್ನಾದರೂ ಹಾಕಿಕೊಳ್ಳಬಹುದಿತ್ತಲ್ಲ ಅಂತ ಕೇಳಿದೆ. ಅವರು ಕಿವಿ ಮುಟ್ಟಿಕೊಂಡರು. ನಿಮ್ಮ ಟೀಮಿನಲ್ಲಿ ಹಾಗೊಂದು ನೇಮ ಇದೆಯಂತೆ. ಹಿಂದೊಮ್ಮೆ ಗೋಲ್‌ಕೀಪರನ ತಂದೆ ಆಸ್ಪತ್ರೆಯಲ್ಲಿದ್ದಾಗ ಅವನ ಜಾಗಕ್ಕೆ ಬದಲಿ ಆಳು ನಿಲ್ಲಿಸಿದರಂತೆ, ಅದೇ ಸಂಜೆ ಆ ಹಿರಿಯರು ತೀರಿಕೊಂಡರಂತೆ. ಅಂದಿನಿಂದ ಯಾರ ಮನೆಯಲ್ಲಿ ಜಡ್ಡು ಇದೆಯೋ ಅವರ ಜಾಗ ಖಾಲಿ ಬಿಡುತ್ತಾರಂತೆ, ಜಡ್ಡು ವಾಸಿಯಾಗಿ ಅವನೇ ಬಂದು ನಿಲ್ಲುವವರೆಗೆ. ನಿಮ್ಮ ಎಡಗಡೆಯ ಜಾಗ ಹಾಗೇ ಬಿಟ್ಟು ಆ ಎಂಟು ಮಂದಿ ಹನ್ನೊಂದು ಹುಡುಗರ ಎದುರು ಓಡಿದ್ದಾರೆ. ಹುಡುಗರು ಅಂದರೆ ಅವರೂ ಮೂವತ್ತು ದಾಟಿದವರೇ, ಆದರೆ ನಿಮ್ಮವರ ಎದುರು ಹುಡುಗರೇ. ಆರು ಗೋಲು ತಿಂದರಂತೆ. "ನಿಮ್ಮ ಸಲುವಾಗಿ ಸೋತ್ರ ಏನಾತ್ರಿ" ಅಂತ ನಕ್ಕರು. ನಾನು ಏನೋ ಒಂದು ಹೇಳಿ, ಚಹಾ ಕೊಟ್ಟು ಕಳಿಸಿದೆ.

ಯಾರನ್ನು ನಾನು ರವಿವಾರಕ್ಕೊಮ್ಮೆ ಬಾಯಿಗೆ ಬಂದಂತೆ ಬೈಯುತ್ತಿದ್ದೆನೋ, ಆ ಮಂದಿ ನನ್ನ ಜೀವಕ್ಕೆ ಕೆಡುಕಾಗಬಾರದು ಅಂತ ಬಿಸಿಲಲ್ಲಿ ಓಡಿದ್ದಾರೆ. ನೀವು ನನಗೆ ಟೀಮಿನ ನೆಪ ಹೇಳಿದಿರಿ, ಟೀಮಿಗೆ ನನ್ನ ನೆಪ ಹೇಳಿದಿರಿ. ಹುಲಗಪ್ಪಣ್ಣ ಬಂದುಹೋದ ಆ ಸಂಜೆಯೇ, ಎಲ್ಲಿಗೆ ಹೋಗಿದ್ದಿರಿ ಅಂತ ಕೇಳಿದೆ. ಮೊದಲು ಅಂಗಡಿಯ ಕೆಲಸ ಅಂದಿರಿ, ಆಮೇಲೆ ಯಾವುದೋ ಗೆಳೆಯನಿಗೆ ಅಪಘಾತ ಅಂದಿರಿ, ಕೊನೆಗೆ ಚೀಲ ತಗೊಂಡು ಧಾರವಾಡದ ಬಸ್ಸು ಹತ್ತಿದಿರಿ. ಇನ್ನೊಬ್ಬಳು ಇದ್ದಾಳೆ ಅಂತಲೇ ನಾನು ತಿಳಿದೆ. ಅವಳ ಸೀರೆಯ ಬಣ್ಣ ಸಹಿತ ಯೋಚನೆ ಮಾಡಿದೆ.

ಹೋದ ವಾರ ರೇಣವ್ವ ಅಕ್ಕಾರು ಫೋನ್ ಮಾಡಿದರು. ತಮ್ಮನ ಪರವಾಗಿ ವಕಾಲತ್ತು ಮಾಡಲು ಹೋಗಿ ಎಲ್ಲ ಹೇಳಿಬಿಟ್ಟರು. ಧಾರವಾಡದಲ್ಲಿ ಯಾವುದೋ ದೊಡ್ಡ ಟೀಮಿನವರು ನಿಮ್ಮನ್ನು ಕರೆದಿದ್ದರಂತೆ. ಹೊಸ ಹಸಿರು ಜರ್ಸಿ, ಪೂರಾ ಹನ್ನೊಂದು ಮಂದಿ, ಮೇಲೆ ಕೋಚು. ಆ ರವಿವಾರ ನೀವು ಹೋದದ್ದು ಅಲ್ಲಿಗೆ. "ಪಾಪ, ಐದ್ ಮಿನಿಟ್ ಸೈತ ಆಡಸಲಿಲ್ಲವಾ ಅವಂಗ. ಕಡೀತನಕ ಬೆಂಚ್ ಮ್ಯಾಲ ಕುಂಡ್ರಿಸಿದ್ರು. ಅದನ್ನ ನೆನಸ್ಕೊಂಡು ಈಗೂ ಊಟಾ ಬಿಡತಾನ" ಅಂದರು.

ನಾನು ಫೋನ್ ಇಟ್ಟು ನಕ್ಕೆ. ಹೊಲಿಗೆ ಹಿಡಿದುಕೊಂಡು ನಕ್ಕೆ. ಸೃಷ್ಟಿ ಓಡಿ ಬಂದು ಯಾಕವ್ವಾ ಅಂದಳು. ಏನಂತ ಹೇಳಲಿ? ಎರಡು ಕಡೆ ಕಮ್ಮಿ ಬಿದ್ದಿರಿ, ಮೂರನೆಯ ಕಡೆ ಹೆಚ್ಚಾಗಿ ಕೂತಿರಿ. ನಿಮ್ಮ ದುಃಖ ಇಂದಿಗೂ ಆ ಬೆಂಚಿನದು. ನಾನು ಮಲಗಿದ್ದ ಮಂಚದ ದುಃಖ ಒಂದು ಮಾತಿನಲ್ಲಾದರೂ ಬಂದಿದೆಯೇ? ಸೋಲು ಸಾಕಾಗಿತ್ತು ಅಂದರೆ ನನಗೆ ಅರ್ಥವಾಗುತ್ತಿತ್ತು. ವಾರ ವಾರ ಸೋಲುವುದು ಯಾರಿಗೆ ಬೇಕು? ಹಾಗಂತ ಆ ಎಂಟು ಮಂದಿಯ ಮುಖ ನೋಡಿ ಹೇಳಿ ಹೋಗಬೇಕಿತ್ತು. ನನ್ನ ಮುಖ ನೋಡಿ ಹೇಳಿದ್ದರೆ ನಾನೇ ಬೈದು, ಬುತ್ತಿ ಕಟ್ಟಿ ಕಳಿಸುತ್ತಿದ್ದೆ.

ಈಗ ನನ್ನ ಮಾತು ಕೇಳಿ. ಬರುವ ರವಿವಾರ ಅವರ ಕೊನೆಯ ಮ್ಯಾಚು. ಅದನ್ನೂ ಸೋತರೆ ಮುಂದಿನ ವರ್ಷ ಲೀಗಿನಲ್ಲಿ ಅವರಿಗೆ ಜಾಗವಿಲ್ಲ. ಉಣಕಲ್‌ನ ಆಟೋದವನೊಬ್ಬ ಆಡಲು ತಯಾರಿದ್ದಾನೆ, ಕಾಲೂ ಚುರುಕಂತೆ. ಆದರೆ ನನ್ನ ಜಡ್ಡು ಇನ್ನೂ ಮುಗಿದಿಲ್ಲ ಅಂತ ಹುಲಗಪ್ಪಣ್ಣ ಅವನನ್ನು ಸೇರಿಸಿಕೊಳ್ಳುತ್ತಿಲ್ಲ. ಆದ್ದರಿಂದ ರವಿವಾರದೊಳಗೆ ಹೋಗಿ, ಆ ಎಂಟು ಮಂದಿಯನ್ನೂ ನಿಲ್ಲಿಸಿ, ಖರೇ ಮಾತು ಹೇಳಿ ಬನ್ನಿ. ಆ ಜಾಗ ನೀವೇ ಬಿಟ್ಟು ಹೋದದ್ದು ಅಂತ ತಿಳಿದರೆ ಅವನನ್ನು ನಿಲ್ಲಿಸಿಕೊಳ್ಳುತ್ತಾರೆ. ಆಡಲು ಹೋಗಬೇಡಿ, ಹೇಳಲು ಹೋಗಿ.

ಮನೆಗೆ ಬರುವ ಮಾತು ಆಮೇಲೆ. ಹೇಳಿ ಬಂದರೆ ಬಾಗಿಲು ತೆಗೆಯುತ್ತೇನೆ ಅಂತ ನಾನು ಬರೆದುಕೊಡುವುದಿಲ್ಲ. ಹೇಳದೆ ಬಂದರೆ ತೆಗೆಯುವುದಿಲ್ಲ, ಅಷ್ಟು ಮಾತ್ರ ಖಂಡಿತ. ಅಪ್ಪ ಯಾವಾಗ ಬರುತ್ತಾನೆ ಅಂತ ಸೃಷ್ಟಿ ಇಷ್ಟು ದಿನವಾದರೂ ಒಮ್ಮೆಯೂ ಕೇಳಿಲ್ಲ. ಅವಳು ಕೇಳದೆ ಇರುವುದೇ ನನಗೆ ಹೆದರಿಕೆ.

ಅಕ್ಕಾರಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ದ್ರಾಕ್ಷಾಯಿಣಿ

ತಾ.ಕ.: ಅವರ ಮುಂದೆ ಬಾಯಿ ತೆರೆಯುವ ಮೊದಲು ನಿಮಗೆ ಒಂದು ವಿಷಯ ಗೊತ್ತಿರಲಿ, ಇಲ್ಲದಿದ್ದರೆ ತಡವರಿಸುತ್ತೀರಿ. ಆ ದಿನ ಹುಲಗಪ್ಪಣ್ಣನಿಗೆ ನಾನು ಏನೋ ಒಂದು ಹೇಳಿದೆ ಅಂತ ಬರೆದೆನಲ್ಲ, ಅದು ಇದು: ಹೌದ್ರಿ, ಬೆಳಗಿನಿಂದ ನನ್ನ ಕೈ ಬಿಡಲೇ ಇಲ್ಲ, ಎಚ್ಚರಾದಾಗ ಮೊದಲು ಕಂಡದ್ದು ಅವರದೇ ಮುಖ ಅಂದೆ. ಅವರು ಕಣ್ಣೊರೆಸಿಕೊಂಡು ಹೋಗಿ ಎಲ್ಲರಿಗೂ ಅದನ್ನೇ ಹೇಳಿದ್ದಾರೆ. ಸುಳ್ಳು ಹೇಳಿದ್ದು ನಿಮ್ಮ ಮಾನಕ್ಕೋ ನನ್ನ ಮಾನಕ್ಕೋ ತಿಳಿಯದು. ಹೇಳುವಾಗ ಮಾತ್ರ ಒಂದು ಗಳಿಗೆ ನನಗೂ ಅದು ಖರೇ ಅನಿಸಿತು.