ಬಿಟ್ಟಿ ಸಸಿಯ ಜೊತೆ ಬಂದ ಇರುವೆಗಳು

ಸಸ್ಯ ತಪಾಸಣಾ ಕಚೇರಿಯ ಮಾನ್ಯ ಮುಖ್ಯಸ್ಥರೇ,

ನೀವು ಬಿಟ್ಟಿಯಾಗಿ ಹಂಚಿದ ಸಸಿಯ ಕುಂಡದಲ್ಲಿ ಪರದೇಶದ ಕೆಂಪಿರುವೆ ಇತ್ತು. ಈಗ ಅದು ನಮ್ಮ ಮನೆಯಲ್ಲಿದೆ: ದಿಂಬಿನಲ್ಲಿ, ಸ್ವಿಚ್ಚಿನೊಳಗೆ, ಅಪ್ಪನ ಕಣ್ಣಿನ ಮೂಲೆಯಲ್ಲಿ. ಬರೆಯುವುದಕ್ಕೇ ಹೇಸಿಗೆಯಾಗುತ್ತದೆ. ಆದರೂ ತಾವು ಓದಬೇಕು.

ಅಪ್ಪ ಟೈಲರ್. ಪಾರ್ಶ್ವವಾಯು ಬಡಿದ ಮೇಲೆ ಮಲಗಿದಲ್ಲೇ ಇದ್ದಾರೆ. ಕೈ ಎತ್ತಲಾರರು, ಮಾತೂ ಅಷ್ಟಕ್ಕಷ್ಟೇ. ಹಸಿರು ಕಂಡರೆ ಹಿತವಾದೀತೆಂದು ಸಸಿಯನ್ನು ಅವರ ಕಿಟಕಿಯಲ್ಲಿಟ್ಟೆವು. ಒಂದು ಬೆಳಿಗ್ಗೆ ಅವರ ರೆಪ್ಪೆ ಊದಿ ಮುಚ್ಚಿತ್ತು. ಬಿಡಿಸಿದರೆ ಒಳಗೆ ಇರುವೆಗಳು ಹರಿದಾಡುತ್ತಿವೆ. ಒದ್ದೆ ಬಟ್ಟೆಯಿಂದ ಒಂದೊಂದನ್ನೇ ತೆಗೆದು ಅವರನ್ನು ಆಸ್ಪತ್ರೆಗೆ ಒಯ್ದೆವು. ಈ ಕಣ್ಣು ಮಂಜಾಗಿದೆ, ಇನ್ನೊಂದನ್ನಾದರೂ ಉಳಿಸಿಕೊಳ್ಳಿ ಎಂದರು ಡಾಕ್ಟರು. ನಾನೂ ತಂಗಿಯೂ ಸರದಿಯ ಮೇಲೆ ಕಾಯುತ್ತಿದ್ದೇವೆ.

ನಿಮ್ಮ ಕಚೇರಿಗೂ ಬಂದಿದ್ದೆ. ಇರುವೆ ಯಾರ ಮನೆಯಲ್ಲಿಲ್ಲ ಎಂದು ಇನ್‌ಸ್ಪೆಕ್ಟರು ನನಗೇ ಬುದ್ಧಿ ಹೇಳಿದರು. ಆಗಲೇ ನಿಮ್ಮ ಹಿತ್ತಲು ಕಂಡೆ. ಹಡಗಿನಿಂದಿಳಿದ, ಹುಳವಿದೆಯೆಂದು ನೀವೇ ತಡೆದಿಟ್ಟ ಕುಂಡಗಳ ಸಾಲು. ಅದಕ್ಕೆ ತಾಗಿಕೊಂಡೇ ಜನರಿಗೆ ಹಂಚುವ ಸಸಿಗಳ ಸಾಲು. ನಡುವೆ ಒಂದು ಹಳದಿ ಹಗ್ಗ. ಇದೇನೆಂದು ಕೇಳಿದರೆ, "ಜಾಗ ಇಲ್ಲಮ್ಮ, ಹಗ್ಗ ಕಟ್ಟಿದ್ದೀವಲ್ಲ" ಅಂದರು. ಹಗ್ಗ ನೋಡಿ ಹಿಂತಿರುಗುವಷ್ಟು ಸಭ್ಯ ಇರುವೆಗಳೇ ಅವು? ಅಲ್ಲ ಸ್ವಾಮಿ, ಕಳ್ಳನನ್ನು ಹಿಡಿದು ಮಕ್ಕಳ ಕೋಣೆಯಲ್ಲಿ ಕೂಡಿಹಾಕುವವರನ್ನು ಕಾವಲುಗಾರರು ಅನ್ನುತ್ತಾರೆಯೇ? ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಿಕೊಳ್ಳೋಣ?

ಈ ಇರುವೆ ಸ್ವಂತ ಬಲದಿಂದ ಸಮುದ್ರ ದಾಟಿದ್ದಲ್ಲ. ಕುಂಡದ ಮಣ್ಣಲ್ಲಿ, ಮರದ ಪೆಟ್ಟಿಗೆಯಲ್ಲಿ, ಹಣ್ಣಿನ ಬುಟ್ಟಿಯಲ್ಲಿ ಮನುಷ್ಯನೇ ಅದನ್ನು ಬಂದರಿನಿಂದ ಬಂದರಿಗೆ ಹೊತ್ತು ಪ್ರಪಂಚ ಸುತ್ತಿಸಿದ. ಆದರೆ ನಮ್ಮ ಊರಿನಲ್ಲಿ ಮಾತ್ರ, ಸಸಿ ಹಂಚುವ ಸಮಾರಂಭದ ಹೆಸರಿನಲ್ಲಿ, ಅದಕ್ಕೆ ಸರ್ಕಾರಿ ಲಾರಿ, ಭಾಷಣ, ಫೋಟೋ! ಇಂಥ ಮರ್ಯಾದೆ ಹೊಟ್ಟೆಪಾಡಿಗೆ ಬಂದ ಮನುಷ್ಯರಿಗೂ ಸಿಕ್ಕಿದ್ದಿಲ್ಲ. ಥೂ, ನಾಚಿಕೆಯಾಗಬೇಕು.

ಸೋಮವಾರ ಅದೇ ಹಿತ್ತಲಿನಿಂದ ಆಸ್ಪತ್ರೆಯ ವಾರ್ಡುಗಳಿಗೆ ಇನ್ನೊಂದು ಲಾರಿ ಸಸಿ ಹೊರಡಲಿದೆಯಂತೆ. ಅಲ್ಲಿಯೂ ಕೈ ಎತ್ತಲಾರದವರು ಮಲಗಿದ್ದಾರೆ. ಲಾರಿಯನ್ನು ನಿಲ್ಲಿಸಿ. ಹಂಚಿದ ಕುಂಡಗಳನ್ನು ವಾಪಸು ತರಿಸಿ, ಅವುಗಳಲ್ಲೇನಿತ್ತೆಂದು ಊರಿಗೆಲ್ಲ ಬಾಯಿಬಿಟ್ಟು ಹೇಳಿ. ಆಗುವುದಿಲ್ಲ ಎನ್ನುವುದಾದರೆ ಮೊದಲ ಕುಂಡವನ್ನು ನಿಮ್ಮ ತಂದೆಯ ತಲೆದೆಸೆಯಲ್ಲಿಡಿ.

ನಿನ್ನೆ ಅಪ್ಪ ತೊದಲುತ್ತ, "ನಿದ್ದೆ ಬಂದ್ರೆ ಭಯ ಆಗುತ್ತಮ್ಮ" ಅಂದರು. ಅವರಿಗೆ ನಾನೇನು ಉತ್ತರ ಕೊಡಲಿ, ನೀವೇ ತಿಳಿಸಿ.

ಇಂತಿ,
ಅಪ್ಪನ ರೆಪ್ಪೆ ಕಾಯುವ ಕೆಲಸಕ್ಕೆ ನೀವು ನೇಮಿಸಿದ ಮಗಳು